ಖಾನೇಟ್ ಎಂಬ ಪದ

ರಾತ್ರಿ ಮಗಳ ಇತಿಹಾಸದ ಅಟ್ಲಾಸ್ ಬಿಡಿಸಿ, ಕ್ರೈಮಿಯಾದ ಮೇಲೆ ಬೆರಳಿಟ್ಟು ಸುಮ್ನೆ ಕೂತಿದ್ದೆ. ಅಲ್ಲಿ ‘ಖಾನೇಟ್’ ಅಂತ ಬರೆದಿತ್ತು. 1783ರಲ್ಲಿ ರಷ್ಯಾ ನುಂಗಿದ ರಾಜ್ಯ ಅದು.

ಖಾನ್ ಎಂದರೆ ತುರ್ಕಿ, ಮಂಗೋಲ್ ಜನರ ದೊರೆ. ಬಾಲದಲ್ಲಿರುವ ‘ಏಟ್’ ಮಾತ್ರ ಲ್ಯಾಟಿನ್ ಮೂಲದ್ದು, ಯುರೋಪಿನವರು ಅಂಟಿಸಿದ್ದು. ತುರ್ಕಿ ನುಡಿಗಳಲ್ಲಿ ಅದು ‘ಖಾನ್‌ಲಿಕ್’. ನಮ್ಮ ದೊರೆ, ದೊರೆತನ ಇದ್ದ ಹಾಗೇ ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಮಂಗೋಲರ ‘ಉಲುಸ್’. ಚೆಂಗೀಸ್ ಖಾನ್ ಮಕ್ಕಳಿಗೆ ಹಂಚಿಕೊಟ್ಟಿದ್ದು ಉಲುಸ್‌ಗಳನ್ನೇ. ಆ ಪದಕ್ಕೆ ಮೊದಲ ಅರ್ಥ ನೆಲವಲ್ಲ, ಜನ. ಕುದುರೆ, ಕುರಿ, ಗುಡಾರ ಕಟ್ಟಿಕೊಂಡು ಹುಲ್ಲುಗಾವಲಿಂದ ಹುಲ್ಲುಗಾವಲಿಗೆ ಹೋಗುವವರಿಗೆ ಗಡಿಗಿಂತ ಜೊತೆಯವರೇ ಮುಖ್ಯ. ಇವತ್ತಿಗೂ ಮಂಗೋಲಿಯಾ ತನ್ನನ್ನು ಕರೆದುಕೊಳ್ಳುವುದು ‘ಮಂಗೋಲ್ ಉಲ್ಸ್’ ಅಂತಲೇ.