ಕಲ್ಮನೆಗೆ ಮೂರನೇ ಸಲ

"ಮತ್ತೆ ಬಾದಾಮಿನಾ? ಎರಡು ಸಲ ನೋಡಿದ್ದೀರಲ್ಲ!" ಹೆಂಡತಿ ಕೇಳಿದಾಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನೋಡಿದ್ದು ನಿಜ. ಮೊದಲ ಸಲ ಏಳನೇ ಕ್ಲಾಸಿನ ಶಾಲಾ ಪ್ರವಾಸದಲ್ಲಿ. ಎರಡನೇ ಸಲ ಗೆಳೆಯರ ಜೊತೆ ಕಾರಿನಲ್ಲಿ. ಆ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬಾರದು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಹಂಪಿ ಕಡೆ ಓಡಿದ್ದೆವು. ಅದರಲ್ಲಿ ನೆನಪಿರುವುದು ಕಾರಿನ ಎಸಿ ಕೆಟ್ಟಿದ್ದು, ಅದಕ್ಕಾಗಿ ನಡೆದ ಜಗಳ. ಅಷ್ಟೇ.

ನನ್ನ ಕಾಲಲ್ಲಿ ಚಕ್ರ ಇದೆ ಅಂತ ಅಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದಳು. ಬಸ್ ನಿಲ್ದಾಣಕ್ಕೆ ಯಾರನ್ನೋ ಕಳಿಸಲು ಹೋದರೂ ಬೋರ್ಡು ಓದುತ್ತಾ ನಿಂತುಬಿಡುತ್ತೇನೆ. ಇಳಕಲ್, ರೋಣ, ಗಜೇಂದ್ರಗಡ. ಹೆಸರು ಕೇಳಿದರೆ ಸಾಕು, ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆದರೆ ಈ ಸಲ ಎಳೆದದ್ದು ಊರಿನ ಹೆಸರಲ್ಲ, ಒಬ್ಬ ನಟರಾಜ. ಶಾಲಾ ಪ್ರವಾಸದಲ್ಲಿ ನೋಡಿದ ಬಾದಾಮಿಯ ನಟರಾಜ ನನ್ನ ತಲೆಯಲ್ಲಿ ಎರಡಾಳು ಎತ್ತರ ಇದ್ದ. ಕತ್ತು ಎತ್ತಿ ನೋಡಿದ್ದು, ಕತ್ತು ನೋವು ಬಂದಿದ್ದು, ಎಲ್ಲ ನೆನಪಿದೆ. ಈಚೆಗೆ ಯಾರೋ ಕಳಿಸಿದ ಒಂದು ಫೋಟೊದಲ್ಲಿ ಅವನ ಪಕ್ಕ ಒಬ್ಬ ಹುಡುಗಿ ನಿಂತಿದ್ದಳು. ಇಬ್ಬರೂ ಹೆಚ್ಚುಕಮ್ಮಿ ಒಂದೇ ಎತ್ತರ! ಅದನ್ನು ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ರಾತ್ರಿ ರೈಲು ಹತ್ತಿದೆ. ಗದಗ ದಾಟುವಾಗ ಬೆಳಕು ಹರಿಯುತ್ತಿತ್ತು. ಸೆಪ್ಟೆಂಬರ್ ತಿಂಗಳು, ಮಳೆ ಆಗಿತ್ತು, ಕಪ್ಪು ಮಣ್ಣು ಇನ್ನೂ ಹಸಿಯಾಗಿತ್ತು. ಹೊಳೆಆಲೂರಿನ ಹತ್ತಿರ ಮಲಪ್ರಭೆ ಕಂಡಿತು, ಕೆಂಪಗೆ, ದಡ ಮುಟ್ಟಿಕೊಂಡು. ಬಾಗಿಲಲ್ಲಿ ನಿಂತು ನೋಡಿದೆ. ಟಿಟಿ ಬೈದರು. ಬಾದಾಮಿ ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್ ದೂರ. ಶೇರ್ ಆಟೊದಲ್ಲಿ ಹಾಲಿನ ಕ್ಯಾನುಗಳ ನಡುವೆ ಕಾಲು ಮಡಚಿಕೊಂಡು ಊರು ಸೇರಿದೆ.

ಗುಹೆಗಳ ಹತ್ತಿರ ಮೊದಲು ಸಿಕ್ಕಿದ್ದು ಸದ್ದು. ಕೆಳಗೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಂದೊಂದು ಏಟೂ ಎದುರಿನ ಬಂಡೆಗೆ ಬಡಿದು ವಾಪಸ್ ಬರುತ್ತಿತ್ತು. ಈ ಸದ್ದನ್ನು ನಾನು ಪೂರ್ತಿ ಮರೆತಿದ್ದೆ. ಕೇಳಿದ ಕೂಡಲೇ ಶಾಲೆಯ ಬಸ್ಸು, ಅದರ ಡೀಸೆಲ್ ವಾಸನೆ, ಪಕ್ಕದ ಸೀಟಿನವನು ವಾಂತಿ ಮಾಡಿಕೊಂಡಿದ್ದು, ಎಲ್ಲ ಒಟ್ಟಿಗೆ ಬಂತು. ನೆನಪು ಮಾಡಿಕೊಳ್ಳೋಣ ಅಂತ ಹೋದದ್ದು ಬರಲಿಲ್ಲ, ಬೇಡದ್ದೆಲ್ಲ ಬಂತು.

ಮೊದಲನೇ ಗುಹೆಯ ಬಲಗಡೆ ಗೋಡೆಯಲ್ಲಿ ನಟರಾಜ ಇದ್ದ. ಸುಮಾರು ಐದು ಅಡಿ. ನನಗಿಂತ ಗಿಡ್ಡ. ಒಂದು ಕ್ಷಣ ಮೋಸ ಹೋದ ಹಾಗೆ ಅನ್ನಿಸಿತು. ಆಮೇಲೆ ಕೈ ಎಣಿಸಿದೆ. ಹದಿನೆಂಟು. ಎಡಗಡೆಯ ಯಾವ ಕೈಯನ್ನು ಬಲಗಡೆಯ ಯಾವ ಕೈಗೆ ಜೋಡಿಸಿ ನೋಡಿದರೂ ಒಂದು ನೃತ್ಯದ ಭಂಗಿ ಆಗುತ್ತದೆ, ಒಟ್ಟು 81 ಭಂಗಿ ಅಂತ ಪಕ್ಕದಲ್ಲಿ ಗೈಡ್ ಒಬ್ಬರು ಹೇಳುತ್ತಿದ್ದರು. ನಾನು ಏಳೆಂಟು ಜೋಡಿಸಿ ನೋಡುವಷ್ಟರಲ್ಲಿ ಕೋತಿಯೊಂದು ನನ್ನ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡು ಹೋಯಿತು. ಬಾದಾಮಿಗೆ ಹೋಗುವವರು ಕೈಯಲ್ಲಿ ತಿಂಡಿ ಹಿಡಿದುಕೊಳ್ಳಬೇಡಿ. ಬ್ಯಾಗಿನಲ್ಲಿ ಇಟ್ಟರೂ ಅವಕ್ಕೆ ಜಿಪ್ ತೆಗೆಯಲು ಬರುತ್ತದೆ.

ಮೂರನೇ ಗುಹೆಯಲ್ಲಿ ನಾನು ಎರಡು ಗಂಟೆ ಕೂತೆ. ನಾಲ್ಕರಲ್ಲಿ ದೊಡ್ಡದು ಇದೇ. ಚಾಲುಕ್ಯರ ಮಂಗಳೇಶ ಅಣ್ಣ ಕೀರ್ತಿವರ್ಮನ ಕಾಲದಲ್ಲಿ, ಕ್ರಿ.ಶ. 578ರಲ್ಲಿ ಮಾಡಿಸಿದ್ದು. ಹೆಡೆ ಬಿಚ್ಚಿದ ಶೇಷನ ಮೇಲೆ ವಿಷ್ಣು ಆರಾಮಾಗಿ ಕೂತಿದ್ದಾನೆ, ಮನೆಗೆ ಬಂದವರನ್ನು ಮಾತಾಡಿಸಲು ಕೂತ ಯಜಮಾನನ ಹಾಗೆ. ಆದರೆ ನನಗೆ ಇಷ್ಟವಾದದ್ದು ಅಲ್ಲಿನ ಪುಟ್ಟ ಕನ್ನಡ ಶಾಸನ. ಅದರಲ್ಲಿ ಈ ಗುಹೆಗೆ ಗುಹೆ ಅಂತ ಹೆಸರಿಲ್ಲ. "ಕಲ್ಮನೆ" ಅಂತಿದೆ. ಕಲ್ಲಿನ ಮನೆ. ಎಷ್ಟು ಸಲೀಸಾದ ಮಾತು, ಅಲ್ವಾ? ನಾವು ಅದನ್ನು ಬಿಟ್ಟು ಗುಹಾಂತರ ದೇವಾಲಯ ಅಂತ ಬೋರ್ಡು ಬರೆಯುತ್ತೇವೆ. ಈ ಕಲ್ಮನೆಗೆ ಲಂಜಿಗೇಸರ ಅನ್ನುವ ಊರನ್ನು ಬಿಟ್ಟುಕೊಟ್ಟಿದ್ದಾರೆ. ಹೂ ಕಟ್ಟುವ ಮಾಲೆಗಾರರಿಗೂ ಅದರಲ್ಲಿ ಪಾಲಿದೆ. ಇದನ್ನು ಕೆಡಿಸಿದವನು ಏಳನೆಯ ನರಕದ ಹುಳ ಆಗಲಿ ಅಂತ ಕೊನೆಗೊಂದು ಶಾಪ. ಸುಮ್ನೆ ನರಕ ಅಂದರೆ ಸಾಲದು, ಏಳನೆಯದೇ ಆಗಬೇಕು, ಅದರಲ್ಲೂ ಹುಳ! ಒಬ್ಬನೇ ಕೂತು ನಕ್ಕೆ. ಆ ಮಾಲೆಗಾರರು ಯಾವ ಹೂ ಕಟ್ಟುತ್ತಿದ್ದರೋ. ಬೆಳಗ್ಗೆ ಎಷ್ಟು ಹೊತ್ತಿಗೆ ಈ ಮೆಟ್ಟಿಲು ಹತ್ತುತ್ತಿದ್ದರೋ.

ಸಂಜೆ ಕೆರೆಯ ಆಚೆ ತುದಿಗೆ ಹೋದೆ. ಭೂತನಾಥನ ಗುಡಿ ನೀರಿಗೆ ಕಾಲು ಚಾಚಿಕೊಂಡ ಹಾಗಿದೆ. ಕಪ್ಪೆ ಅರಭಟ್ಟನ ಶಾಸನ ಆ ಕಡೆಯ ಬಂಡೆಯ ಮೇಲಿದೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಸುಮಾರು ಕ್ರಿ.ಶ. 700ರ ತ್ರಿಪದಿ. ಶಾಲಾ ಪ್ರವಾಸದಲ್ಲಿ ಅದನ್ನೇ ತೋರಿಸಿರಲಿಲ್ಲ. ಊಟಕ್ಕೆ ತಡ ಆಗುತ್ತೆ ಅಂತ ಇರಬೇಕು.

ಮರುದಿನ ಪಟ್ಟದಕಲ್ಲಿನ ಬಸ್ಸು. ಒಳಗೆ ಹೆಂಗಸರೇ ಜಾಸ್ತಿ, ನಾನು ನಿಂತೆ. ನಾಲ್ಕು ಜನ ವಯಸ್ಸಾದ ಗೆಳತಿಯರು ಇಳಕಲ್ ಸೀರೆ ಉಟ್ಟು ಸಾಲಾಗಿ ಕೂತಿದ್ದರು. ಎಲ್ಲಿಗೆ ಹೊರಟಿರಿ ಅಮ್ಮಾ ಅಂತ ಕೇಳಿದೆ.

"ಎಲ್ಲಿಗಂತ ಇಲ್ಲಪಾ. ಸುಮ್ನ ಹೊಂಟೀವಿ. ಟಿಕೀಟ್ ಬಿಟ್ಟಾರಲ್ಲ, ಊರ್ ನೋಡಕೊಂಡ್ ಬರ್ತೀವಿ."

ಇಷ್ಟು ವರ್ಷ ತಿರುಗಿ ನನಗೆ ಹೆಂಡತಿಯ ಮುಂದೆ ಹೇಳಲು ಬಾರದ ಉತ್ತರವನ್ನು ಆ ಅಜ್ಜಿ ಎರಡೇ ಪದದಲ್ಲಿ ಹೇಳಿಬಿಟ್ಟಳು.

ಪಟ್ಟದಕಲ್ಲಿನಲ್ಲಿ ಹುಲ್ಲುಹಾಸು, ಬೇಲಿ, ಎಲ್ಲ ಅಚ್ಚುಕಟ್ಟು. 1987ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ. ಅಚ್ಚುಕಟ್ಟು ಜಾಸ್ತಿ ಆದ ಕಡೆ ನನಗೆ ಸ್ವಲ್ಪ ಉಸಿರು ಕಟ್ಟುತ್ತದೆ. ಆದರೆ ವಿರೂಪಾಕ್ಷ ಗುಡಿಯ ಮುಂದೆ ಆ ತಕರಾರೆಲ್ಲ ಮರೆತುಹೋಯಿತು. ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕೆಲವು ವರ್ಷಗಳ ಹಿಂದೆ ಕಂಚಿಯ ಕೈಲಾಸನಾಥ ಗುಡಿಯಲ್ಲಿ ಇದೇ ವಿಕ್ರಮಾದಿತ್ಯನ ಕನ್ನಡ ಶಾಸನ ನೋಡಿ ಬೆರಗಾಗಿದ್ದೆ. ಗೆದ್ದ ಊರಿನ ಗುಡಿಯನ್ನು ಲೂಟಿ ಮಾಡದೆ, ಅದರ ಸಂಪತ್ತನ್ನು ಅದಕ್ಕೇ ವಾಪಸ್ ಕೊಟ್ಟೆ ಅಂತ ಬರೆಸಿದ್ದಾನೆ. ಈಗ ಇಲ್ಲಿ ನಿಂತರೆ ಆ ಗುಡಿಯ ಚಹರೆ ಈ ಗುಡಿಯಲ್ಲಿ ಕಾಣುತ್ತದೆ. ಇಲ್ಲಿನ ಶಾಸನವೊಂದರಲ್ಲಿ ಸರ್ವಸಿದ್ಧಿ ಆಚಾರಿ ಅನ್ನುವ ಶಿಲ್ಪಿಯನ್ನು "ತೆಂಕಣ ದಿಶೆಯ ಸೂತ್ರಧಾರಿ" ಅಂದಿದ್ದಾರೆ. ಅವನು ಎಲ್ಲೆಲ್ಲಿ ತಿರುಗಿದ್ದನೋ, ಎಷ್ಟು ಗುಡಿಗಳನ್ನು ಕಣ್ಣಲ್ಲಿ ತುಂಬಿಕೊಂಡಿದ್ದನೋ. ನನ್ನ ಫೋನಿನಲ್ಲಿ ಕಂಚಿಯ ನಲವತ್ತು ಫೋಟೊ ಇದ್ದವು. ನೋಡಿ ಹೋಲಿಸಿದೆ.

ಐಹೊಳೆಗೆ ಮಧ್ಯಾಹ್ನದ ಬಿಸಿಲಲ್ಲಿ ಹೋಗಿದ್ದು ತಪ್ಪಾಯಿತು. ಮೇಗುತಿ ಬೆಟ್ಟ ಹತ್ತಿ ರವಿಕೀರ್ತಿಯ 634ರ ಶಾಸನದ ಮುಂದೆ ನಿಂತಾಗ ತಲೆ ಸುತ್ತುತ್ತಿತ್ತು. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವಾಗ ಹರ್ಷನ ಹರ್ಷವೇ ಇಳಿದುಹೋಯಿತು ಅಂತ ಪನ್ ಮಾಡಿದ ಕವಿ ಇವನೇ. ಅದೇ ಶಾಸನದಲ್ಲಿ ತನ್ನನ್ನು ಕಾಳಿದಾಸ, ಭಾರವಿಗೆ ಸಮ ಅಂತಲೂ ಹೇಳಿಕೊಂಡಿದ್ದಾನೆ. ಕಲ್ಲಲ್ಲಿ ಕೆತ್ತಿಸುವ ಅವಕಾಶ ಸಿಕ್ಕರೆ ಯಾರು ತಾನೇ ಬಿಡುತ್ತಾರೆ!

ಕೊನೆಯ ದಿನ ಬನಶಂಕರಿ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿ ಖಡಕ್ ರೊಟ್ಟಿ, ಪುಂಡಿಪಲ್ಲೆ, ಕೆಂಪು ಚಟ್ನಿ, ಗಟ್ಟಿ ಮೊಸರು ಹಾಕಿಕೊಟ್ಟಳು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು.

"ಮೊಸರು ಹಚಗೊಂಡ್ ತಿನ್ನಪಾ. ಒಬ್ಬನ ಬಂದಿಯೇನು? ಹೇಂತೀನ್ ಯಾಕ ಕರಕೊಂಡ್ ಬಂದಿಲ್ಲ?"

ಮುಂದಿನ ಸಲ ಅಂದೆ. ಅವಳು ನಂಬಲಿಲ್ಲ. ಇನ್ನೊಂದು ರೊಟ್ಟಿ ಹಾಕಿದಳು. ಮಹಾಕೂಟಕ್ಕೆ ಹೋಗಬೇಕೆಂದಿದ್ದೆ. ಅಲ್ಲೇ ಮರದ ನೆರಳಲ್ಲಿ ನಿದ್ದೆ ಬಂದು ಅದು ಈ ಸಲವೂ ತಪ್ಪಿತು.

ಮನೆಗೆ ಬಂದ ಮೇಲೆ ಅಮ್ಮನ ಟ್ರಂಕಿನಲ್ಲಿ ಶಾಲಾ ಪ್ರವಾಸದ ಫೋಟೊ ಹುಡುಕಿದೆ. ಆಗ ನಾನು ತೀರಾ ಗಿಡ್ಡ ಇದ್ದೆ, ಅದಕ್ಕೇ ನಟರಾಜ ಅಷ್ಟು ದೊಡ್ಡವನಾಗಿ ಕಂಡ ಅಂತ ಲೆಕ್ಕ ಹಾಕಿಕೊಂಡಿದ್ದೆ. ಫೋಟೊ ಸಿಕ್ಕಿತು. ಅದೇ ಗೋಡೆ, ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ನಿಂತ ನಾನು. ನನ್ನ ತಲೆ ನಟರಾಜನ ಹೆಗಲ ತನಕ ಬರುತ್ತಿದೆ. ಕತ್ತು ಎತ್ತುವ ಅಗತ್ಯವೇ ಇರಲಿಲ್ಲ.

ಹೆಂಡತಿಗೆ ತೋರಿಸಿದೆ. ಅವಳು ಫೋಟೊ ತಿರುಗಿಸಿ ನೋಡಿ ನಕ್ಕಳು. ಹಿಂದೆ ಮೇಷ್ಟ್ರ ದುಂಡು ಅಕ್ಷರದಲ್ಲಿ "ಐಹೊಳೆ" ಅಂತ ಬರೆದಿತ್ತು.