ಮಂಚದ ಮೇಲೊಂದು ಜಮಖಾನ

ನವಾರು ಕಿತ್ತುಹೋಗಿ ಅಟ್ಟ ಸೇರಿದ್ದ ಅಜ್ಜಿಯ ಮಂಚ ಕೊನೆಗೂ ಕೆಲಸಕ್ಕೆ ಬಂತು. ಬೀದಿಯವರೆಲ್ಲ ಸೇರಿ ಒಂದು ಜಮಖಾನ ನೇಯೋಣ ಅಂತ ಯಾರೋ ಅಂದದ್ದೇ ನೆಪ. ಮೈಸೂರಿನ ಸರಸ್ವತೀಪುರಂನ ನಮ್ಮ ಬೀದಿಯಲ್ಲಿ ಇಂಥದ್ದಕ್ಕೆಲ್ಲ ಬೇಗ ಜನ ಸೇರುತ್ತಾರೆ. ಮಂಚದ ಎರಡೂ ತುದಿಗೆ ಸಾಲಾಗಿ ಮೊಳೆ ಹೊಡೆದು ಹತ್ತಿ ಹುರಿ ಬಿಗಿದೆವು. ಅದು ಹಾಸು, ಉದ್ದದ ಎಳೆ. ಅಡ್ಡಕ್ಕೆ ಹೆಣೆಯುವ ಹೊಕ್ಕಿಗೆ ಮನೆಮನೆಯ ಹಳೇ ಪಂಚೆ, ಲಂಗ, ಮಾಸಿದ ಯೂನಿಫಾರಂ. ಎರಡು ಬೆರಳಗಲಕ್ಕೆ ಹರಿದು ಉಂಡೆ ಸುತ್ತಿದ್ದಾಯಿತು. ಮೈಸೂರು ಸಿಲ್ಕ್ ಮಾತ್ರ ಒಂದೂ ಬರಲಿಲ್ಲ. ಎಷ್ಟೇ ಹಳೆಯದಾಗಲಿ, ಅದನ್ನು ಹರಿಯೋಕೆ ಯಾರಿಗೆ ಮನಸ್ಸು ಬರುತ್ತೆ?

ಭಾನುವಾರ ಬೆಳಿಗ್ಗೆ ಹೊಂಗೆ ಮರದಡಿ ಶುರು. ಒಂದೆಳೆಯ ಮೇಲೆ, ಒಂದೆಳೆಯ ಕೆಳಗೆ. ಮುಂದಿನ ಸಾಲಿಗೆ ಅದಲುಬದಲು. ಹೊಕ್ಕನ್ನು ಹಾಯಿಸುವ ಲಾಳಿಗೆ ಬದಲು ಮಕ್ಕಳ ಮರದ ಸ್ಕೇಲು. ಹೊಕ್ಕನ್ನು ಒತ್ತಿ ಕೂರಿಸುವ ಮಗ್ಗದ ಹಣಿಗೆಯ ಜಾಗದಲ್ಲಿ ತಲೆ ಬಾಚುವ ಹಣಿಗೆ!

ಒಂದನೇ ಕ್ಲಾಸಿನ ಹುಡುಗಿ ಎಳೆ ತಪ್ಪಿಸಿ ತಪ್ಪಿಸಿ ನೇಯ್ದಳು. ನನಗೆ ಕೈ ತುರಿಸಿತು. ನನ್ನ ಸರದಿ ಬಂದಾಗ ಒಂದೂ ಎಳೆ ಬಿಡದೆ, ಪ್ರತಿ ಸಾಲನ್ನೂ ಜಗ್ಗಿ ಜಗ್ಗಿ ನೇಯ್ದೆ. ಒಂದು ಗೇಣು ಆಗಿರಬೇಕು, ದೂರ ನಿಂತು ನೋಡಿದರೆ ಜಮಖಾನ ನಡುವಲ್ಲಿ ಡಮರುವಿನಂತೆ ಸಣ್ಣಗಾಗಿದೆ.

"ಹಂಗೆ ಜಗ್ಗಬಾರದು ಕಣಮ್ಮ," ಅಂದರು ಎದುರುಮನೆ ತಾತ. ಅಷ್ಟೊತ್ತೂ ಪೇಪರ್ ಹಿಡಿದು ಕೂತಿದ್ದವರು. "ಹೊಕ್ಕನ್ನ ಬಿಲ್ಲಿನ ಥರ ಬಾಗಿಸಿ ಬಿಡು, ಆಮೇಲೆ ಬಾಚಿ ಕೂರಿಸು. ಅದು ಎಳೆ ಮೇಲೆ ಹತ್ತಿ ಕೆಳಗೆ ಇಳಿಯೋಕೆ ಉದ್ದ ಬೇಡ್ವಾ?"

ತಾತ ದುಡಿದದ್ದು ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ. ಆ ಕಾರ್ಖಾನೆ ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಕೈಯಲ್ಲಿ ನೇಯುತ್ತಿರುವುದು ಇದೇ ಮೊದಲಂತೆ. "ಅಲ್ಲಿ ಮಗ್ಗ ಕರೆಂಟಿಂದು. ನೇಯೋದು ಅದು, ಕಾಯೋದು ನಾವು. ಕ್ರೇಪ್ ರೇಷ್ಮೆ ನೂಲನ್ನ ಜಾಸ್ತಿ ತಿರುಚಿ ಹುರಿ ಮಾಡಿರ್ತಾರೆ, ಸಡಿಲ ಬಿಟ್ರೆ ಸುರುಳಿ ಸುತ್ಕೊಂಡ್‌ಬಿಡುತ್ತೆ. ನಿಮ್ದು ಬಿಡಿ, ಹಗ್ಗ!"

ಅಷ್ಟರಲ್ಲಿ ಒಬ್ಬ ಹುಡುಗ ಮಂಚದ ಮೇಲೆ ಮೊಣಕಾಲೂರಿ ಹಾಸಿನ ಒಂದೆಳೆ ಪಟ್ ಅನ್ನಿಸಿದ. ಎಲ್ಲರೂ ಬೈಯಲು ಬಾಯಿ ತೆರೆಯುವ ಮೊದಲೇ ತಾತನ ಎರಡು ಬೆರಳು ಅಲ್ಲಿದ್ದವು. ಒಂದು ತುಂಡು ಹುರಿ ಸೇರಿಸಿ ಎರಡು ಗಂಟು ಹಾಕಿ, ಬಾಲ ಕತ್ತರಿಸಿ, ಉಗುರಲ್ಲಿ ಒತ್ತಿದರು. ನಾನು ಆಮೇಲೆ ಹುಡುಕಿದೆ, ಆ ಗಂಟು ಸಿಗಲಿಲ್ಲ.

ನನ್ನ ಭಾಗ ಬಿಚ್ಚಿಬಿಡೋಣ ಅಂದುಕೊಳ್ಳುವಷ್ಟರಲ್ಲಿ ಅದರ ಮೇಲೆ ಇನ್ನೂ ನಾಲ್ಕು ಮನೆಯವರು ನೇಯ್ದಾಗಿತ್ತು. ಜಮಖಾನ ಈಗ ತಾತನ ಜಗಲಿಯಲ್ಲಿದೆ. ಸಂಜೆ ಮಕ್ಕಳು ಅದರ ಮೇಲೇ ಚೌಕಾಬಾರ ಆಡುತ್ತಾರೆ. ಆ ಸಣ್ಣಗಾದ ಜಾಗಕ್ಕೆ 'ಆಂಟಿ ಸೊಂಟ' ಅಂತ ಹೆಸರಿಟ್ಟಿದ್ದಾರೆ. ನನ್ನ ನಿಜವಾದ ಸೊಂಟ ನೋಡಿದವರು ಯಾರೂ ನಂಬುವುದಿಲ್ಲ.