ಕೇಡಗಾಂವ್‌ನಲ್ಲಿ ಇಳಿದು

ಪುಣೆಯಿಂದ ದೌಂಡ್ ಕಡೆ ಹೋಗುವ ಲೋಕಲ್‌ನಲ್ಲಿ ಸೀಟು ಸಿಕ್ಕರೆ ಪುಣ್ಯ. ಹಡಪ್ಸರ್ ದಾಟಿದ ಮೇಲೆ ಸ್ವಲ್ಪ ಉಸಿರಾಡಬಹುದು. ಯವತ್ ಬರುವಷ್ಟರಲ್ಲಿ ಎಲ್ಲಿ ನೋಡಿದರೂ ಕಬ್ಬು. ಕಲಬುರಗಿ ಕಡೆಯ ನಮಗೆ ಊರಿಗೆ ಹೋಗುವ ದಾರಿಯೂ ಇದೇ. ಆದರೆ ಎಕ್ಸ್‌ಪ್ರೆಸ್‌ನಲ್ಲಿ ಕೂತರೆ ಕೇಡಗಾಂವ್ ಬೋರ್ಡು ಓದುವುದರೊಳಗೆ ಊರೇ ಹಿಂದೆ ಹೋಗಿರುತ್ತದೆ. ಈ ಸಲ ನಮ್ಮ ಕನ್ನಡ ಕ್ರೈಸ್ತ ಸಭೆಯ ಕೆಲವರು ಅಲ್ಲಿ ಇಳಿಯಲೆಂದೇ ಹೊರಟೆವು, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆಂದು ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಮಿಷನ್ ನೋಡಲು.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಮನೆಮಂದಿಗೆಲ್ಲ ಪುರಾಣ ಬಾಯಿಪಾಠ. ಕೂಲಿ ಮಾಡಲು ಮಾತ್ರ ಬರುತ್ತಿರಲಿಲ್ಲ, ಜಾತಿಯ ಬಿಗುಮಾನ ಬಿಡಲೂ ಇಲ್ಲ. ಇದನ್ನು ರಮಾಬಾಯಿಯೇ ಮುಂದೆ, ಕ್ರೈಸ್ತರಾದ ಮೇಲೆ, ಬರೆದುಕೊಂಡಿದ್ದಾರೆ.

ಮುಕ್ತಿಯ ಆವರಣದಲ್ಲಿ ಓಡಾಡುವಾಗ ನನಗೆ ಇದೇ ನೆನಪಾಗುತ್ತಿತ್ತು. 1896-97ರ ಬರದಲ್ಲಿ ಮಧ್ಯ ಭಾರತದಿಂದ, 1900ರಲ್ಲಿ ಗುಜರಾತಿನಿಂದ ಹಸಿದ ಹೆಣ್ಣುಮಕ್ಕಳನ್ನು ಅವರು ಕರೆತಂದರು. ಅನ್ನ ಹಾಕಿ, ಪ್ರಾರ್ಥನೆ ಕಲಿಸಿ ಸುಮ್ಮನಾಗಲಿಲ್ಲ. ಮಗ್ಗ, ಎಣ್ಣೆ ಗಾಣ, ಹೈನು, ಹೊಲ, ಅಚ್ಚುಕೂಟ ಎಲ್ಲದಕ್ಕೂ ಅವರ ಕೈ ಹಚ್ಚಿದರು. ಹಸಿವು ಏನು ಕೇಳುತ್ತದೆಂದು ಕಂಡವರು ಅಲ್ವಾ!

ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಅದನ್ನು ಅಚ್ಚು ಹಾಕಲು ಸೀಸದ ಅಕ್ಷರದ ಮೊಳೆ ಜೋಡಿಸಿದವರೂ ಅಲ್ಲಿನ ಹೆಂಗಸರೇ. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು ಹಿಂದೆ ಹುಬ್ಬಳ್ಳಿಯ ಪ್ರೆಸ್ಸಿನಲ್ಲಿದ್ದವರು. ಎಡಗೈ ಚಾಚಿ, ಹೆಬ್ಬೆರಳಿನಿಂದ ಸಾಲು ಒತ್ತಿ ಹಿಡಿಯುವುದನ್ನು ತೋರಿಸಿದರು. ಸೀಸದ ಮೇಲೆ ಅಕ್ಷರವೆಲ್ಲ ಉಲ್ಟಾ. "ಕನ್ನಡ ಜೋಡಿಸೋದ್ರಾಗ ನಮ್ಮ ಕಣ್ಣು ಹೋಗ್ತಿದ್ವು. ಇಡೀ ಬೈಬಲ್ ಅಂದ್ರ ಹುಡುಗಾಟ ಏನ್ರೀ?" ಎಂದರು. ಇಡೀ ಬೈಬಲ್ ಹೊರಬಂದದ್ದು 1924ರಲ್ಲಿ. ರಮಾಬಾಯಿ ಅದನ್ನು ನೋಡಲಿಲ್ಲ.

ತನ್ನ ನಂತರ ಮುಕ್ತಿಯನ್ನು ಮಗಳು ಮನೋರಮಾ ನಡೆಸುತ್ತಾಳೆಂದು ಅವರು ನಂಬಿದ್ದರು. 1912ರಲ್ಲಿ ಗುಲ್ಬರ್ಗಾದಲ್ಲಿ ಶಾಲೆ ತೆರೆಯಲು ಕಳಿಸಿದ್ದೂ ಆಕೆಯನ್ನೇ. 1921ರಲ್ಲಿ ಮನೋರಮಾ ಹೋಗಿಬಿಟ್ಟರು. ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು, ತಾಯಿಯೂ.

ಕಷ್ಟದಿಂದ ತಾಳ್ಮೆ ಹುಟ್ಟುತ್ತದೆಂದು ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಮಾತನ್ನು ನಾವು ಸಾವಿನ ಮನೆಯಲ್ಲಿ ಒಪ್ಪಿಸಿ, ಚಹಾ ಕುಡಿದು ಎದ್ದು ಬರುತ್ತೇವೆ. ನನಗಂತೂ ಅದು ಜಾಸ್ತಿ ಹಿಡಿಸುವುದಿಲ್ಲ. ಮಗಳನ್ನು ಮಣ್ಣು ಮಾಡಿದ ಆ ತಾಯಿಗೆ ಯಾರಾದರೂ ಹಾಗೆ ಹೇಳಿದ್ದರೆ ಏನೆನ್ನುತ್ತಿದ್ದರೋ! ಆಕೆ ಬಿಟ್ಟುಹೋದದ್ದು ಹೊಟ್ಟೆಯಲ್ಲಿ ಹುಟ್ಟಿದವರ ಕೈಗೆ ಹೋಗಲಿಲ್ಲ, ಮಗ್ಗ ಹಿಡಿದವರ, ಮೊಳೆ ಜೋಡಿಸಿದವರ ಕೈಗೆ ಹೋಯಿತು. ತಾಳ್ಮೆ ಎಂದರೆ ನನಗೆ ಸ್ವಲ್ಪವಾದರೂ ಅರ್ಥವಾದದ್ದು ಆ ಹಿರಿಯರ ಹೆಬ್ಬೆರಳು ನೋಡಿ.

ಹೋಗುವವರು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಇವತ್ತಿಗೂ ಹೆಂಗಸರು, ಮಕ್ಕಳು ಅಲ್ಲಿ ಸಂಸಾರದಂತೆ ಇದ್ದಾರೆ. ಮೊಬೈಲ್ ಜೇಬಿನಲ್ಲೇ ಇರಲಿ. ಸಂಜೆಯ ಲೋಕಲ್ ತಪ್ಪಿದರೆ ಸೋಲಾಪುರ ಹೈವೇಗೆ ಹೋಗಿ ಬಸ್ಸು ಕಾಯಬೇಕಾಗುತ್ತದೆ, ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.